ಸೇವಂತಿಗೆ ಗಿಡ ಕಿತ್ತು ಒಗೀಬ್ಯಾಡ್ರಿ



ಬನಶಂಕರಿ ಗುಡಿಗೆ, ದಸರಾ-ದೀಪಾವಳಿಗೆ ನಾವು ಮಾರುಗಟ್ಟಲೆ ಸೇವಂತಿಗೆ ಕೊಳ್ಳುತ್ತೇವೆ. ಆದರೆ ಹೂ ಮುಗಿದೊಡನೆ ಅಂಗಳದ ಗಿಡ ಒಣಗಿತೆಂದು ಎಷ್ಟೋ ಮನೆಗಳಲ್ಲಿ ಕಿತ್ತು ತಿಪ್ಪೆಗೆ ಹಾಕುತ್ತಾರೆ. ಗಿಡ ಸತ್ತಿರೂದಿಲ್ರಿ, ಬೇರಿನ್ಯಾಗ ಜೀವ ಇರತೈತಿ. ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ ಗೊಬ್ಬರ ಹಾಕಿದರೆ ಬುಡದಿಂದ ಮರಿಗಳು ಏಳುತ್ತವೆ. ಅವನ್ನು ಬೇರು ಸಮೇತ ಬಿಡಿಸಿ ಜೂನ್-ಜುಲೈ ತಿಂಗಳಲ್ಲಿ 1 ಅಡಿ ಅಂತರಕ್ಕೆ ನೆಡಬೇಕು.

ನಮ್ಮ ಕಡೆಯ ಎರೆ ಮಣ್ಣು ನೀರು ಹಿಡಿದಿಡುತ್ತದೆ. ಜೋಳ, ಕಡಲೆಗೆ ಅದು ವರ. ಸೇವಂತಿಗೆಗೆ ಬೇರು ಕೊಳೆಯುವ ರೋಗ. ಆದ್ದರಿಂದ ಮರಳು, ತಿಪ್ಪೆಗೊಬ್ಬರ ಬೆರೆಸಿ ಮಡಿ ಎತ್ತರಿಸಿರಿ. ನೆಟ್ಟ 4 ವಾರಕ್ಕೆ ಕುಡಿ ಚಿವುಟಿದರೆ ಟಿಸಿಲೊಡೆದು ಹೂ ಹೆಚ್ಚುತ್ತದೆ. ಹೇನು ಕಂಡರೆ ಬೇವಿನೆಣ್ಣೆಯ ದ್ರಾವಣ ಸಿಂಪಡಿಸಿರಿ.

ಇನ್ನೊಂದು ಮಾತು. ಹಗಲು ಕುಗ್ಗಿ ರಾತ್ರಿ ದೊಡ್ಡದಾದಾಗ ಸೇವಂತಿಗೆ ಮೊಗ್ಗು ಕಟ್ಟುತ್ತದೆ. ರಾತ್ರಿಯೆಲ್ಲ ದೀಪದ ಬೆಳಕು ಬೀಳುವಲ್ಲಿ ಎಲೆ ಸೊಂಪಾಗಿದ್ದರೂ ಹೂ ತಡವಾಗುವುದು. ಅಂಥಲ್ಲಿ ಗೊಬ್ಬರ ಸುರೀಬ್ಯಾಡ್ರಿ, ಜಾಗ ಬದಲಿಸ್ರಿ.

ಒಂದು ಬುಡದ ಮರಿ ನಾಲ್ಕು ಮನೆಗೆ ಸಾಲುತ್ತದೆ. ಕೊಟ್ಟು ತಗೊಳ್ಳೂದ ಸಹಕಾರ ಅಲ್ಲೇನ್ರಿ? ಈ ಬೆಳ್ಳಿಹಬ್ಬದ ವರ್ಷ ನೆರೆಮನೆಗೊಂದು ಮರಿ ಕೊಡೋಣ.