ಮಾಡ್‌ಬಸ್ ಹೆಡರ್ ಬೆಳೆದು ಬಂದ ಬಗೆ

ಈ ಆರು ಬೈಟ್ ನೋಡಿ: 01 03 00 00 00 02. ಮೊದಲ ಬೈಟ್ ಸಾಧನದ ವಿಳಾಸ. ಎರಡನೆಯದು ಕೆಲಸದ ಸಂಕೇತ. 03 ಅಂದರೆ ರಿಜಿಸ್ಟರ್ ಓದು. ಸೊನ್ನೆಯಿಂದ ಶುರುಮಾಡಿ ಎರಡು ರಿಜಿಸ್ಟರ್ ಓದಿ ಹೇಳು ಅನ್ನುತ್ತವೆ ಉಳಿದ ನಾಲ್ಕು.

ಇದು ಮಾಡ್‌ಬಸ್. ಅಮೆರಿಕದ ಮಾಡಿಕಾನ್ ಕಂಪನಿ ತನ್ನ ಪಿಎಲ್‌ಸಿ ಎಂಬ ಕೈಗಾರಿಕಾ ನಿಯಂತ್ರಕಗಳಿಗಾಗಿ 1979ರಲ್ಲಿ ಹೊರತಂದದ್ದು. ಎನರ್ಜಿ ಮೀಟರ್, ಮೋಟಾರ್ ಡ್ರೈವ್‌ಗಳಲ್ಲಿ ಇಂದಿಗೂ ಇದೇ ನಡೆಯುತ್ತಿದೆ.

ಆಗ ಇದ್ದದ್ದು ನಿಧಾನದ ಸೀರಿಯಲ್ ತಂತಿ, ಹಾಗಾಗಿ ಒಂದೊಂದು ಬೈಟೂ ತುಟ್ಟಿ. ಮಾಡ್‌ಬಸ್‌ನ ಆರ್‌ಟಿಯು ಎಂಬ ಸೀರಿಯಲ್ ರೂಪದಲ್ಲಿ ಸಂದೇಶ ಎಲ್ಲಿ ಶುರುವಾಯಿತು ಎಂದು ಹೇಳುವ ಗುರುತೇ ಇಲ್ಲ! ಮೂರೂವರೆ ಅಕ್ಷರ ಕಳಿಸುವಷ್ಟು ಹೊತ್ತು ತಂತಿ ಸುಮ್ಮನಿದ್ದರೆ ಹಳೆಯ ಸಂದೇಶ ಮುಗಿಯಿತು ಎಂದರ್ಥ. 9600 ಬಾಡ್ ವೇಗದಲ್ಲಿ ಅದು ಸುಮಾರು 4 ಮಿಲಿಸೆಕೆಂಡ್. ಮೌನವನ್ನೇ ಗಡಿಯಾಗಿ ಬಳಸಿದ ಈ ಜಾಣತನ ನನಗೆ ಬಹಳ ಇಷ್ಟ. ತಪ್ಪು ಹಿಡಿಯಲು ಕೊನೆಯಲ್ಲಿ ಎರಡು ಬೈಟಿನ ಸಿಆರ್‌ಸಿ.

1999ರಲ್ಲಿ ಮಾಡ್‌ಬಸ್ ಈಥರ್ನೆಟ್‌ಗೆ ಬಂತು. ಅಲ್ಲಿ ಅದನ್ನು ಹೊತ್ತೊಯ್ಯುವ ಟಿಸಿಪಿಯಲ್ಲಿ ಬೈಟ್‌ಗಳು ಹೊಳೆಯಂತೆ ಹರಿದು ಬರುತ್ತವೆ, ನಡುವಿನ ಮೌನವನ್ನು ನೆಚ್ಚುವಂತಿಲ್ಲ. ಆದ್ದರಿಂದ ಏಳು ಬೈಟಿನ ಹೊಸ ಹೆಡರ್ ಬೇಕಾಯಿತು. ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ಹೊಂದಿಸುವ ವಹಿವಾಟು ಸಂಖ್ಯೆಗೆ ಎರಡು ಬೈಟ್, ಯಾವಾಗಲೂ ಸೊನ್ನೆಯಾಗಿರುವ ಪ್ರೋಟೋಕಾಲ್ ಸಂಖ್ಯೆಗೆ ಎರಡು, ಮುಂದೆ ಎಷ್ಟು ಬೈಟ್ ಇದೆ ಎಂದು ಹೇಳುವ ಉದ್ದಕ್ಕೆ ಎರಡು. ನಮ್ಮ ಪ್ರಶ್ನೆಯೇ ಈಗ ಹೀಗೆ ಹೋಗುತ್ತದೆ: 00 01 00 00 00 06 01 03 00 00 00 02. ಏಳನೆಯ ಬೈಟ್ ಆ ಹಳೆಯ ವಿಳಾಸವೇ. ಗೇಟ್‌ವೇ ಹಿಂದೆ ಸೀರಿಯಲ್ ತಂತಿಯಲ್ಲೇ ಉಳಿದ ಸಾಧನಗಳನ್ನು ಗುರುತಿಸಲು ಅದು ಬೇಕೇ ಬೇಕು. ತಪ್ಪು ಹಿಡಿಯುವ ಹೊಣೆ ಕೆಳಗಿನ ಪದರಗಳಿಗೆ ಹೋದದ್ದರಿಂದ ಸಿಆರ್‌ಸಿ ಬಿಟ್ಟುಹೋಯಿತು.

ಆದರೆ ಕೇಳುತ್ತಿರುವವರು ಯಾರು, ಅವರಿಗೆ ಅಧಿಕಾರ ಇದೆಯೇ ಎಂದು ಹೇಳುವ ಜಾಗ ಈ ಎರಡೂ ರೂಪಗಳಲ್ಲಿ ಇಲ್ಲ. ಗೋಡೆಯೊಳಗಿನ ತಂತಿಗೆ ಅದು ಸಾಕಿತ್ತು, ಜಾಲಕ್ಕೆ ಸಾಲದು. 2018ರಲ್ಲಿ ಪ್ರಕಟವಾದ ಸುರಕ್ಷಿತ ರೂಪವೂ ಈ ಹೆಡರನ್ನು ಮುಟ್ಟಲಿಲ್ಲ. ಟಿಎಲ್‌ಎಸ್ ಎಂಬ ಸುರಕ್ಷತಾ ಹೊದಿಕೆ ಹಾಕಿ 802ನೇ ಪೋರ್ಟ್ ಕೊಟ್ಟಿತು. ಹಳೆಯ ಸಾಧನಗಳಲ್ಲಿ ಆ ಸೌಲಭ್ಯ ಇರುವುದಿಲ್ಲ. ನಿಮ್ಮ ಕಾರ್ಖಾನೆಯಲ್ಲಿ ಮಾಡ್‌ಬಸ್ ಟಿಸಿಪಿ ಇದ್ದರೆ, ಅದು ಬಳಸುವ 502ನೇ ಪೋರ್ಟನ್ನು ಇಂಟರ್ನೆಟ್‌ಗೆ ತೆರೆದಿಡಬೇಡಿ.