ವೈರಿಯ ಸಾವು ಹಬ್ಬವಾಗಬೇಕೆ?

(ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳ ಪದವಿ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಭಯೋತ್ಪಾದಕ ನಾಯಕನೊಬ್ಬ ಹತನಾದ ಸುದ್ದಿ ಬಂದಾಗ ಪಟಾಕಿ ಹಚ್ಚಬಹುದೇ? ಸಿಹಿ ಹಂಚಬಹುದೇ? 2011ರ ಮೇ ತಿಂಗಳಲ್ಲಿ ಒಸಾಮ ಬಿನ್ ಲಾಡೆನ್ ಪಾಕಿಸ್ತಾನದ ಅಬೋಟಾಬಾದಿನಲ್ಲಿ ಹತನಾದಾಗ ಅಮೆರಿಕದ ಶ್ವೇತಭವನದ ಮುಂದೆ ಜನ ಸೇರಿ ಬಾವುಟ ಬೀಸಿ ಕೂಗಿದರು. ಅದು ಸರಿಯೇ ಎಂಬ ಪ್ರಶ್ನೆ ಅಲ್ಲಿಯೇ ಎದ್ದಿತು. ಇದು ದೂರದ ದೇಶದವರ ಚರ್ಚೆ ಎಂದು ನಾವು ಸುಮ್ಮನಿರುವಂತಿಲ್ಲ. ಕರ್ನಾಟಕವೂ ಈ ಪ್ರಶ್ನೆಯನ್ನು ಒಂದಕ್ಕಿಂತ ಹೆಚ್ಚು ಸಲ ಎದುರಿಸಿದೆ. ಈ ಸಭೆಯಲ್ಲಿ ಪೊಲೀಸ್ ಮತ್ತು ಸೇನಾ ಭರ್ತಿ ಪರೀಕ್ಷೆಗೆ ಓದುತ್ತಿರುವವರು ಇದ್ದೀರಿ. ನಾಳೆ ಬಂದೂಕು ಹಿಡಿಯುವವರು ನೀವೇ ಆಗಬಹುದು. ಆದ್ದರಿಂದ ಇದು ನಿಮ್ಮ ಪ್ರಶ್ನೆಯೂ ಹೌದು.

ವೀರಪ್ಪನ್‌ನನ್ನೇ ತೆಗೆದುಕೊಳ್ಳೋಣ. ಅವನನ್ನು ಕಾಡುಗಳ್ಳ ಎನ್ನಬೇಕೋ ಭಯೋತ್ಪಾದಕ ಎನ್ನಬೇಕೋ ಎಂಬ ವಾದ ಹಾಗಿರಲಿ. 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು, 1992ರಲ್ಲಿ ಪೊಲೀಸ್ ಅಧಿಕಾರಿಗಳಾದ ಹರಿಕೃಷ್ಣ ಮತ್ತು ಶಕೀಲ್ ಅಹಮದ್ ಅವರನ್ನು ಅವನ ತಂಡ ಕೊಂದಿತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿಸಿ 22 ಜನರ ಪ್ರಾಣ ತೆಗೆಯಿತು. 2000ನೇ ಇಸವಿಯಲ್ಲಿ ಡಾ. ರಾಜ್‌ಕುಮಾರ್ 108 ದಿನ ಅವನ ಸೆರೆಯಲ್ಲಿದ್ದರು. 2002ರಲ್ಲಿ ಅಪಹೃತರಾದ ಮಾಜಿ ಸಚಿವ ಎಚ್. ನಾಗಪ್ಪ ಮನೆಗೆ ಹಿಂದಿರುಗಲೇ ಇಲ್ಲ. 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿಯ ಬಳಿ ತಮಿಳುನಾಡಿನ ವಿಶೇಷ ಕಾರ್ಯಪಡೆ ಅವನನ್ನೂ ಮೂವರು ಸಹಚರರನ್ನೂ ಕೊಂದಿತು. ಪಡೆಯವರಿಗೆ ಬಡ್ತಿ, ಬಹುಮಾನ ಘೋಷಣೆಯಾದವು. ಇತ್ತ ಮೇಟ್ಟೂರಿನ ಬಳಿಯ ಮೂಲಕ್ಕಾಡಿನಲ್ಲಿ ಅವನ ಶವಸಂಸ್ಕಾರಕ್ಕೆ ಸಾವಿರಾರು ಜನ ನೆರೆದರು. ಒಂದೇ ಸಾವು ಕೆಲವರಿಗೆ ಗೆಲುವು, ಕೆಲವರಿಗೆ ದುಃಖ, ಮತ್ತೆ ಕೆಲವರಿಗೆ ನೋಡಲೇಬೇಕಾದ ದೃಶ್ಯ.

ಸಂತೋಷಪಟ್ಟವರನ್ನು ಹೀಗಳೆಯುವುದು ಸುಲಭ. ಆದರೆ ಪಾಲಾರ್‌ನಲ್ಲಿ ಮಗನನ್ನೋ ಗಂಡನನ್ನೋ ಕಳೆದುಕೊಂಡ ಮನೆಯವರು ಅಂದು ನಿಟ್ಟುಸಿರು ಬಿಟ್ಟಿದ್ದರೆ ಅದನ್ನು ತಪ್ಪೆನ್ನಲು ನಮಗೆ ಯಾವ ಹಕ್ಕಿದೆ? ಇನ್ನು ಮುಂದೆ ಯಾರೂ ಇವನ ಕೈಯಲ್ಲಿ ಸಾಯುವುದಿಲ್ಲ ಎಂಬುದು ನೆಮ್ಮದಿ. ನೆಮ್ಮದಿ ಬೇರೆ, ಸಂಭ್ರಮ ಬೇರೆ. ನೆಮ್ಮದಿಯಲ್ಲಿ ಕಳೆದುಕೊಂಡವರ ನೆನಪಿರುತ್ತದೆ. ಸಂಭ್ರಮದ ಕಣ್ಣು ಸತ್ತ ವೈರಿಯ ಮೇಲೆಯೇ ಇರುತ್ತದೆ.

ನಮ್ಮ ಹಬ್ಬಗಳಲ್ಲೇ ವೈರಿಯ ವಧೆ ಇದೆಯಲ್ಲ ಎಂದು ನೀವು ಕೇಳಬಹುದು. ನಿಜ, ನರಕ ಚತುರ್ದಶಿಯಂದು ಎಣ್ಣೆಸ್ನಾನ ಮಾಡುತ್ತೇವೆ. ಮಹಿಷಾಸುರನ ವಧೆಯನ್ನು ನೆನೆದು ನವರಾತ್ರಿ ಆಚರಿಸುತ್ತೇವೆ. ಅವು ಪುರಾಣದ ಕಥೆಗಳು; ಅಸುರ ಅಲ್ಲಿ ಕೇಡಿನ ರೂಪ. ಅದೇ ಪರಂಪರೆಯ ರಾಮಾಯಣದಲ್ಲಿ ರಾವಣ ಬಿದ್ದ ಮೇಲೆ ವೈರ ಸಾವಿನೊಂದಿಗೆ ಮುಗಿಯಿತೆಂದು ವಿಭೀಷಣನಿಗೆ ತಿಳಿಹೇಳಿ, ಅಣ್ಣನಿಗೆ ಸಂಸ್ಕಾರ ಮಾಡೆಂದು ರಾಮನೇ ಹೇಳುತ್ತಾನೆ. ಮಹಾಭಾರತದಲ್ಲಿ ತೊಡೆ ಮುರಿದು ಬಿದ್ದ ದುರ್ಯೋಧನನ ತಲೆಯನ್ನು ಭೀಮ ಒದ್ದಾಗ ಧರ್ಮರಾಯ ಅವನನ್ನು ಗದರಿಸುತ್ತಾನೆ. ಗೆದ್ದವನಿಗೂ ಒಂದು ಮಿತಿ ಇದೆ ಎಂಬುದು ಈ ಕಥೆಗಳ ತಿಳಿವಳಿಕೆ.

ನಮ್ಮ ಜಿಲ್ಲೆಯ ಒನಕೆ ಓಬವ್ವನನ್ನು ನೋಡಿ. ಕಿಂಡಿಯಲ್ಲಿ ನುಸುಳಿ ಬಂದ ಹೈದರಾಲಿಯ ಸೈನಿಕರನ್ನು ಆಕೆ ಒನಕೆಯಿಂದ ಬಡಿದು ಕೊಂದಳೆಂದು ನಾವು ಕೇಳಿ ಬೆಳೆದಿದ್ದೇವೆ. 2021ರಿಂದ ಸರಕಾರ ನವೆಂಬರ್ 11ರಂದು ಆಕೆಯ ಜಯಂತಿ ಆಚರಿಸುತ್ತಿದೆ. ಆ ದಿನ ನಾವು ಕೊಂಡಾಡುವುದು ಒಬ್ಬ ಹೆಣ್ಣುಮಗಳ ಧೈರ್ಯವನ್ನು, ಕೋಟೆ ಉಳಿದದ್ದನ್ನು. ಸತ್ತ ಸೈನಿಕರ ಹೆಸರು ನಮಗೆ ಗೊತ್ತಿಲ್ಲ, ಅವರ ಸಾವನ್ನು ಯಾರೂ ಕುಣಿದು ನೆನೆಯುವುದಿಲ್ಲ. ಊರೂರಿನ ವೀರಗಲ್ಲುಗಳೂ ಹಾಗೆಯೇ. ತುರು ಕಾಯಲು, ಊರು ಕಾಯಲು ಹೋರಾಡಿ ಮಡಿದವನಿಗೆ ಕಲ್ಲು ನೆಟ್ಟರೇ ಹೊರತು ಅವನ ಕೈಯಲ್ಲಿ ಸತ್ತವನ ಹೆಸರಿನಲ್ಲಿ ಹಬ್ಬ ಮಾಡಲಿಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರು ಶಿಲಾಶಾಸನಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ತಂದೆ ತಾಯಿಯ ಮಾತು ಕೇಳುವುದು, ಜೀವಿಗಳ ಬಗ್ಗೆ ಗೌರವ, ಸತ್ಯ ನುಡಿಯುವುದು ಇವನ್ನು ಆ ಕಲ್ಲುಗಳು ಇಸಿಲ ಎಂಬ ಪಟ್ಟಣದ ಅಧಿಕಾರಿಗಳಿಗೆ ಬೋಧಿಸುತ್ತವೆ. ಇದೇ ಅಶೋಕನ ಹದಿಮೂರನೆಯ ಶಿಲಾಶಾಸನ ಇಲ್ಲಿಲ್ಲ. ಆಂಧ್ರದ ಗುತ್ತಿಯ ಆಚೆಗಿನ ಎರ್ರಗುಡಿಯಲ್ಲಿದೆ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ಯಲಾಯಿತು, ಅದಕ್ಕಾಗಿ ಪಶ್ಚಾತ್ತಾಪ ಪಡುತ್ತೇನೆ ಎಂದು ಗೆದ್ದ ರಾಜ ಅದರಲ್ಲಿ ಬರೆಸಿದ. ಅಶೋಕ ಶಸ್ತ್ರವನ್ನು ಪೂರ್ತಿ ಕೆಳಗಿಟ್ಟನೆಂದು ಇದರಿಂದ ತಿಳಿಯಬಾರದು. ಅದೇ ಶಾಸನದಲ್ಲಿ ಅಡವಿಯ ಜನರಿಗೆ ಎಚ್ಚರಿಕೆಯೂ ಇದೆ: ಪಶ್ಚಾತ್ತಾಪವಿದ್ದರೂ ದಂಡಿಸುವ ಶಕ್ತಿ ತನ್ನಲ್ಲಿದೆ, ಸಾಯಬಾರದೆಂದಿದ್ದರೆ ನಡತೆ ತಿದ್ದಿಕೊಳ್ಳಿ ಎಂದು. ದಂಡಿಸಬೇಕಾದರೆ ದಂಡಿಸುತ್ತೇನೆ, ಆದರೆ ಸಾವನ್ನು ಹೆಮ್ಮೆಯಿಂದ ಎಣಿಸುವುದಿಲ್ಲ ಎಂಬುದು ಆ ನಿಲುವು. ನನ್ನ ವಾದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ.

ಸಂಭ್ರಮಕ್ಕೆ ಇನ್ನೊಂದು ದೋಷವಿದೆ. ಅದು ಕೇಳಬೇಕಾದ ಪ್ರಶ್ನೆಗಳನ್ನು ಮುಚ್ಚಿಹಾಕುತ್ತದೆ. ವೀರಪ್ಪನ್ ಬೇಟೆಯ ವರ್ಷಗಳಲ್ಲಿ ಕಾಡಂಚಿನ ಬಡವರ ಮೇಲೆ ಕಾರ್ಯಪಡೆಗಳಿಂದ ನಡೆದ ದೌರ್ಜನ್ಯದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತ್ತು. ಅದರ ಆಧಾರದ ಮೇಲೆ 2007ರಲ್ಲಿ 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು. ವೀರಪ್ಪನ್ ಸತ್ತ ದಿನದ ಜಯಘೋಷದಲ್ಲಿ ಈ ಜನರ ದನಿ ಎಷ್ಟು ಮಂದಿಗೆ ಕೇಳಿಸಿದ್ದೀತು?

ಸತ್ತವನು ಸಾಕ್ಷಿ ಹೇಳುವುದೂ ಇಲ್ಲ. ರಾಜೀವ್ ಗಾಂಧಿ ಹತ್ಯೆಯ ಸಂಚಿನ ಪ್ರಮುಖ ಶಿವರಾಸನ್ 1991ರ ಆಗಸ್ಟ್ 20ರಂದು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಸಂಗಡಿಗರೊಂದಿಗೆ ಸತ್ತು ಬಿದ್ದಿದ್ದ. ಜೀವಂತ ಹಿಡಿದಿದ್ದರೆ ತಿಳಿಯಬಹುದಾಗಿದ್ದ ಸಂಗತಿಗಳು ಅವನೊಂದಿಗೇ ಹೋದವು. 2008ರಲ್ಲಿ ಮುಂಬಯಿಯ ಪೊಲೀಸ್ ತುಕಾರಾಂ ಓಂಬ್ಳೆ ತಮ್ಮ ಪ್ರಾಣ ಕೊಟ್ಟು ಕಸಬ್‌ನನ್ನು ಜೀವಸಹಿತ ಹಿಡಿಯಲು ಕಾರಣರಾದರು. ಅದರಿಂದ ದಾಳಿಯ ಸಂಚು ನ್ಯಾಯಾಲಯದಲ್ಲಿ ಬಿಚ್ಚಿಕೊಂಡಿತು. ಕೊಂದ ಕೈಗಿಂತ ಹಿಡಿದ ಕೈ ದೇಶಕ್ಕೆ ಹೆಚ್ಚು ಉಪಕಾರ ಮಾಡಿದ ಉದಾಹರಣೆ ಇದು.

ನಮಗೆ ತೀರ ಹತ್ತಿರದ ಸಂಗತಿ ಪಾವಗಡದ್ದು. 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದರು. ದೊಡ್ಡ ಯಶಸ್ಸೆಂದು ಸುದ್ದಿಯಾಯಿತು. ನಾಲ್ಕೇ ದಿನಗಳ ನಂತರ, ಫೆಬ್ರವರಿ 10ರ ರಾತ್ರಿ, ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಶಾಲೆಯ ಕಟ್ಟಡದಲ್ಲಿ ತಂಗಿದ್ದ ಮೀಸಲು ಪೊಲೀಸರ ಮೇಲೆ ನಕ್ಸಲರು ಎರಗಿದರು. ಹಲವು ಪೊಲೀಸರೂ ಒಬ್ಬ ನಾಗರಿಕರೂ ಸತ್ತರು. ಸತ್ತ ಪೊಲೀಸರು ನಿಮ್ಮ ಹಾಗೆಯೇ ಪರೀಕ್ಷೆ ಬರೆದು ಕೆಲಸಕ್ಕೆ ಸೇರಿದವರು. ನಾಯಕ ಸತ್ತರೆ ಕಥೆ ಮುಗಿಯಿತು ಎಂಬ ನಂಬಿಕೆಗೆ ವೆಂಕಟಮ್ಮನಹಳ್ಳಿ ಉತ್ತರ ಕೊಟ್ಟಿದೆ. 2024ರ ನವೆಂಬರ್‌ನಲ್ಲಿ ಹೆಬ್ರಿ ತಾಲ್ಲೂಕಿನ ಕಬ್ಬಿನಾಲೆಯಲ್ಲಿ ವಿಕ್ರಂ ಗೌಡ ಹತನಾದ. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಮುಂದೆ ಶರಣಾದರು. ಗುಂಡಿನ ಭಯವೂ ಇದಕ್ಕೆ ಕಾರಣವಿರಬಹುದು, ಸಂಧಾನವೂ ಇರಬಹುದು. ಆದರೆ ಹೆಣ ಬೀಳದೆ ಮುಗಿದ ಆ ದಿನಕ್ಕೆ ಯಾರೂ ಪಟಾಕಿ ತರಲಿಲ್ಲವೇಕೆ?

ಕಾನೂನೂ ಅವಸರದ ಸಂಭ್ರಮವನ್ನು ಒಪ್ಪುವುದಿಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎನ್‌ಕೌಂಟರ್ ಸಾವುಗಳ ಬಗ್ಗೆ 16 ಸೂಚನೆಗಳನ್ನು ಕೊಟ್ಟಿತು. ಸಿ.ಐ.ಡಿ. ಅಥವಾ ಬೇರೆ ಠಾಣೆಯ ಪೊಲೀಸರಿಂದ ಸ್ವತಂತ್ರ ತನಿಖೆಯಾಗಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು. ಘಟನೆ ನಡೆದ ಕೂಡಲೇ ಸರದಿ ಮೀರಿದ ಬಡ್ತಿ, ಶೌರ್ಯ ಪದಕ ಕೊಡಕೂಡದು. ಶೌರ್ಯ ಸಂಶಯಾತೀತವಾಗಿ ಸಾಬೀತಾದ ಮೇಲಷ್ಟೇ ಅದರ ಮಾತು. ಪೊಲೀಸರನ್ನು ಅವಮಾನಿಸುವ ಸೂಚನೆಗಳಲ್ಲ ಇವು. ನಿಜವಾಗಿ ಜೀವ ಒತ್ತೆಯಿಟ್ಟು ಹೋರಾಡಿದವನನ್ನೂ ಕೈಕಟ್ಟಿದವನಿಗೆ ಗುಂಡಿಕ್ಕಿದವನನ್ನೂ ಬೇರೆ ಮಾಡಿ ತೋರಿಸುವ ಜರಡಿ.

ನನ್ನ ವೃತ್ತಿಯ ಮಾತೊಂದನ್ನು ಹೇಳಿ ಮುಗಿಸುತ್ತೇನೆ. ಸುದ್ದಿಮನೆಯಲ್ಲಿ ಸಾವಿಗೆ ಅನೇಕ ಪದಗಳಿವೆ. ಹತ, ಬಲಿ, ಹುತಾತ್ಮ, ಮಟಾಷ್. ಕೊನೆಯ ಪದ ಬಳಸಿದರೆ ಶೀರ್ಷಿಕೆ ಚುರುಕಾಗುತ್ತದೆ, ಓದುವವನ ಮನಸ್ಸು ಒರಟಾಗುತ್ತದೆ. ಅಂಥ ದಿನ ಸತ್ತವನ ಚಿತ್ರ ಪುಟದ ತುಂಬ ಇರುತ್ತದೆ. ಅವನಿಂದ ಸತ್ತವರ ಹೆಸರು ಒಳಪುಟದ ಪಟ್ಟಿಯಲ್ಲಿರುತ್ತದೆ. ಇದನ್ನು ತಿರುವುಮುರುವು ಮಾಡಬೇಕೆಂಬುದು ನನ್ನ ಆಸೆ. ಮುಂದೆ ಇಂಥ ಸುದ್ದಿ ಬಂದಾಗ ನೀವು ನೆಮ್ಮದಿಪಡಿ, ಬೇಡವೆನ್ನುವುದಿಲ್ಲ. ಹೋರಾಡಿದವರಿಗೆ ಕೃತಜ್ಞತೆ ಹೇಳಿ. ಅವನ ಕೈಯಲ್ಲಿ ಸತ್ತವರ ಮನೆಗಳು ಹೇಗಿವೆ, ಪರಿಹಾರ ಮುಟ್ಟಿತೇ ಎಂದು ಕೇಳಿ. ಪಟಾಕಿಯ ಹಣ ಉಳಿದರೆ ಆ ಮನೆಯ ಮಕ್ಕಳ ಓದಿಗಾದರೂ ಆದೀತು.