ದೂರು ಯಾರ ಮೇಜಿಗೆ?



ಕೆಳಹಂತದ ನೌಕರರೊಬ್ಬರು ಜಿಲ್ಲಾಧಿಕಾರಿಗಳಿಗೆ ಅರ್ಜಿ ಬರೆಯುವಾಗ ‘ಇವರಿಗೆ’ ಎಂಬುದರ ಕೆಳಗೆ ‘ಮುಖಾಂತರ’ ಎಂಬ ಇನ್ನೊಂದು ಸಾಲು ಹಾಕುತ್ತಾರೆ. ರಜೆಗೆ, ಮುಂಗಡಕ್ಕೆ, ಬಡ್ತಿಗೆ ಅದು ಸರಿ. ಆದರೆ ಆ ಸಾಲಿನಲ್ಲಿರುವ ಅಧಿಕಾರಿಯ ಮೇಲೆಯೇ ದೂರಿದ್ದರೆ? ಟಪಾಲು ಶಾಖೆಯಲ್ಲಿ ಅರ್ಜಿಗೆ ನಂಬರು ಬೀಳುತ್ತದೆ. ಚಹಾದ ಹೊತ್ತಿಗೆ ಕಚೇರಿಗೆಲ್ಲ ಸುದ್ದಿ. ಸಂಜೆ ಹಾಜರಿ ಪುಸ್ತಕ ಸಾಹೇಬರ ಕೋಣೆಗೆ ಹೋಗುತ್ತದೆ. ಮರುದಿನ ದೂರು ಕೊಟ್ಟವರ ಕೈಗೇ ನೋಟಿಸು: ಕಳೆದ ತಿಂಗಳು ತಡವಾಗಿ ಬಂದದ್ದಕ್ಕೆ ಕಾರಣ ಕೊಡಿ. ನಮ್ಮಲ್ಲಿ ಮೂಗರ್ಜಿಗಳು ಯಾಕೆ ಇಷ್ಟು ಎಂದು ಬೇಸರಪಡುವವರು ಈ ದಾರಿಯನ್ನೊಮ್ಮೆ ನಡೆದು ನೋಡಬೇಕು.

ಮೇಲಧಿಕಾರಿಯ ಮೇಲಿನ ದೂರಿನಲ್ಲಿ ನ್ಯಾಯ ಆರಂಭವಾಗುವುದು ವಿಚಾರಣೆಯ ದಿನದಂದಲ್ಲ, ಲಕೋಟೆ ಯಾರ ಕೈಗೆ ಹೋಯಿತು ಎನ್ನುವಲ್ಲಿ. ಇಂದು ನಾನು ಹೇಳಬೇಕಾದ ಮಾತು ಇದೊಂದೇ.

ಇದಕ್ಕೆ ಮಾದರಿ ನಮ್ಮ ಕಾನೂನಿನಲ್ಲೇ ಇದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ದೂರು ಉದ್ಯೋಗದಾತನ ಮೇಲೆಯೇ ಆಗಿದ್ದರೆ ಅದು ಕಚೇರಿಯ ಆಂತರಿಕ ಸಮಿತಿಗಲ್ಲ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು ಎನ್ನುತ್ತದೆ. ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕು, ಬಂದ ದೂರನ್ನು 7 ದಿನದೊಳಗೆ ಸಮಿತಿಗೆ ಕಳಿಸಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ದೂರು ಸಾಬೀತಾಗಲಿಲ್ಲ ಎಂದ ಮಾತ್ರಕ್ಕೆ ಅದು ದುರುದ್ದೇಶದ್ದಾಗುವುದಿಲ್ಲ ಎಂದೂ ಅಲ್ಲಿ ಬರೆದಿದೆ. ಆದರೆ ಎಲ್ಲರ ಮುಂದೆ ಬೈಯುವುದು, ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಸರು ಹಾಕಿ ಹೀಯಾಳಿಸುವುದು, ಬೇಕೆಂದೇ ಕಡತ ಕಿತ್ತುಕೊಂಡು ಮೂಲೆಯಲ್ಲಿ ಕೂರಿಸುವುದು, ಈ ಬಗೆಯ ದರ್ಪಕ್ಕೆ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಒಪ್ಪಿದ 190ನೇ ಒಡಂಬಡಿಕೆಯಲ್ಲಿ ಇದೆಲ್ಲ ಬರುತ್ತದೆ. ಆದರೆ ನಮ್ಮ ತಾಲ್ಲೂಕು ಕಚೇರಿಗೆ ಆ ಸಂಸ್ಥೆಯಿರುವ ಜಿನೀವಾ ಬಲು ದೂರ, ಬಿಡಿ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. 2025ರ ಫೆಬ್ರುವರಿಯಲ್ಲಿ ಬಿ.ವಿ. ರಾಮ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೆಲಸದ ವಿಷಯಕ್ಕೆ ಮೇಲಧಿಕಾರಿ ಗದರಿದ್ದನ್ನು ಕ್ರಿಮಿನಲ್ ಅಪರಾಧ ಮಾಡಲಾಗದು ಎಂದಿತು. ಸರಿಯಾದ ಮಾತೇ. ಪಹಣಿ ತಿದ್ದುಪಡಿ ಆರು ತಿಂಗಳು ಕೊಳೆತರೆ ತಹಶೀಲ್ದಾರರು ಕೇಳಲೇಬೇಕು, ಕೇಳುವ ದನಿ ಸ್ವಲ್ಪ ಏರಿದರೆ ಅದೇ ಕಿರುಕುಳವಲ್ಲ. ಆದರೆ ಅಪರಾಧವಲ್ಲದ್ದೆಲ್ಲ ಒಳ್ಳೆಯ ನಡತೆ ಎಂದು ಆ ತೀರ್ಪಿನಿಂದ ಅರ್ಥ ತೆಗೆಯುವವರಿದ್ದಾರೆ. ಪೊಲೀಸ್ ಠಾಣೆಗೂ ಇಲಾಖಾ ವಿಚಾರಣೆಗೂ ನಡುವೆ ಬೇಕಾದಷ್ಟು ಜಾಗವಿದೆ.

2021ರ ಮೈಸೂರು ನಿಮಗೆ ನೆನಪಿರಬಹುದು. ಜೂನ್ 3ರಂದು ಪಾಲಿಕೆ ಆಯುಕ್ತೆ ಶಿಲ್ಪಾ ನಾಗ್, ಜಿಲ್ಲಾಧಿಕಾರಿ ರೋಹಿಣಿ ಸಿಂಧೂರಿ ಅವರಿಂದ ಕಿರುಕುಳವೆಂದು ಆರೋಪಿಸಿ ರಾಜೀನಾಮೆ ಘೋಷಿಸಿದರು. ಸಿಂಧೂರಿ ಅದನ್ನು ಅಲ್ಲಗಳೆದರು, ಸಿಎಸ್‌ಆರ್ ಹಣದ ಲೆಕ್ಕ ಕೇಳಿದ್ದೆ ಎಂದರು. ಎರಡೇ ದಿನದಲ್ಲಿ ಇಬ್ಬರೂ ವರ್ಗ. ಕೋವಿಡ್ ಕಾಲ, ಸರ್ಕಾರಕ್ಕೆ ಆಡಳಿತ ನಡೆದರೆ ಸಾಕಿತ್ತು, ಒಪ್ಪೋಣ. ಆದರೂ ವರ್ಗಾವಣೆ ಆದೇಶ ಯಾವ ಆರೋಪದ ನಿಜ ಸುಳ್ಳನ್ನೂ ತೀರ್ಮಾನಿಸುವುದಿಲ್ಲ. ಆರೋಪ ಮಾಡಿದವರಿಗೂ ಹೊತ್ತವರಿಗೂ ಅದು ಒಂದೇ ಮುದ್ರೆ ಒತ್ತಿ ಕಳಿಸುತ್ತದೆ. ಐಎಎಸ್ ಅಧಿಕಾರಿಗೇ ಪತ್ರಿಕಾಗೋಷ್ಠಿ ಬಿಟ್ಟು ಬೇರೆ ಬಾಗಿಲು ಕಾಣದಿದ್ದರೆ ದ್ವಿತೀಯ ದರ್ಜೆ ಸಹಾಯಕರ ಪಾಡೇನು?

ವರ್ಗಾವಣೆಯ ಮಾತು ಬಂದದ್ದರಿಂದ ಇನ್ನೊಂದು. ‘ಜಗಳೂರಿಗೆ ಎತ್ತಿ ಹಾಕಿಸ್ತೀನಿ’ ಎನ್ನುವಂಥ ಬೆದರಿಕೆಯಿಂದ ನೌಕರನಿಗಷ್ಟೇ ಅಲ್ಲ, ಜಗಳೂರಿಗೂ ಅವಮಾನ. ಮಳೆ ಕಡಿಮೆಯಾದ ತಾಲ್ಲೂಕಿಗೆ ಸಿಟ್ಟಿನಿಂದ ಕಳಿಸಿದವರನ್ನೇ ತುಂಬಿದರೆ ಅಲ್ಲಿನ ರೈತ ಯಾರ ಹತ್ತಿರ ಕೆಲಸ ಮಾಡಿಸಿಕೊಳ್ಳಬೇಕು?

ಆರೋಪ ಹೊತ್ತ ಅಧಿಕಾರಿಗೂ ನ್ಯಾಯ ಸಲ್ಲಬೇಕು. 1957ರ ನಾಗರಿಕ ಸೇವೆಗಳ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳು ದೋಷಾರೋಪಣ ಪಟ್ಟಿ, ಲಿಖಿತ ಹೇಳಿಕೆ, ಸಾಕ್ಷಿಗಳ ಪಾಟಿ ಸವಾಲು ಎಲ್ಲಕ್ಕೂ ಅವಕಾಶ ಕೊಟ್ಟಿವೆ. ಕಟ್ಟುನಿಟ್ಟಾಗಿ ಕೆಲಸ ಕೇಳುವವರನ್ನು, ಅದರಲ್ಲೂ ಮಹಿಳೆಯನ್ನೋ ದಲಿತ ಅಧಿಕಾರಿಯನ್ನೋ, ಓಡಿಸಲು ಎಲ್ಲರೂ ಸೇರಿ ದೂರು ಹೆಣೆಯುವುದೂ ನಮ್ಮ ಕಚೇರಿಗಳಿಗೆ ಹೊಸದಲ್ಲ. ಮೇಲಿನ ಒತ್ತಡವೂ ಲೆಕ್ಕಕ್ಕೆ ಬರಬೇಕು. 2024ರ ಸೆಪ್ಟೆಂಬರಿನಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಮೊಬೈಲ್ ಆ್ಯಪ್‌ಗಳ ಹೊರೆಯ ವಿರುದ್ಧ ಮುಷ್ಕರಕ್ಕಿಳಿದರು. ವಿಡಿಯೊ ಸಭೆಯಲ್ಲಿ ಪ್ರಗತಿಯ ಶೇಕಡಾವಾರು ಲೆಕ್ಕಕ್ಕೆ ಬೈಗುಳ ತಿಂದವರು ಅದನ್ನೇ ಕೆಳಕ್ಕೆ ಹಂಚುತ್ತಾರೆ. ತಪ್ಪಿಗೆ ಇದು ಸಮಜಾಯಿಷಿಯಾಗಲಾರದು, ಆದರೆ ವಿಚಾರಣಾ ವರದಿಯಲ್ಲಿ ಕಾಣಲೇಬೇಕಾದ ಸಂಗತಿ.

ಸಣ್ಣ ಊರಿನ ಪೇಚು ಬೇರೆಯದೇ. ವಿಚಾರಣೆ ಮಾಡುವವರೂ ಆರೋಪ ಹೊತ್ತವರೂ ಕೆಡಿಪಿ ಪ್ರಗತಿ ಪರಿಶೀಲನಾ ಸಭೆಯಲ್ಲಿ ಅಕ್ಕಪಕ್ಕ ಕೂರುತ್ತಾರೆ, ಒಂದೇ ಮದುವೆಯಲ್ಲಿ ಊಟ ಮಾಡುತ್ತಾರೆ. ಹಾಗಾಗಿ ಚನ್ನಗಿರಿಯ ದೂರನ್ನು ಚನ್ನಗಿರಿಯವರು ನೋಡಬಾರದು; ದರ್ಜೆಯಲ್ಲಿ ಮೇಲಿನವರು, ಹೊರಗಿನವರು ನೋಡಲಿ. ವಿಚಾರಣೆ ಮುಗಿಯುವವರೆಗೆ ದೂರುದಾರರ ಕಾರ್ಯನಿರ್ವಹಣಾ ವರದಿ ಬರೆಯುವ ಅಧಿಕಾರ ಆರೋಪ ಹೊತ್ತವರ ಕೈಯಲ್ಲಿ ಇರದಿರಲಿ. ಇವೆರಡಕ್ಕೂ ಹೊಸ ಕಾಯ್ದೆ ಬೇಕಿಲ್ಲ.

ಮಧ್ಯಾಹ್ನದ ಗೋಷ್ಠಿಯಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ತಾಲ್ಲೂಕಿನವರು ಪ್ರತ್ಯೇಕವಾಗಿ ಕೂತು, ನಿಮ್ಮಲ್ಲಿ ಇಂಥ ದೂರನ್ನು ಯಾವ ಹುದ್ದೆಯವರು ಸ್ವೀಕರಿಸಬೇಕು, ಅವರ ಮೇಲೆಯೇ ದೂರು ಬಂದರೆ ಯಾರು ಎಂಬುದನ್ನು ಬರೆದುಕೊಡಿ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು, ಇನ್ನೂ ಚಿಕ್ಕ ಆಡಳಿತ. ಅವರ ಉತ್ತರ ಹೊನ್ನಾಳಿಯದರಂತೆಯೇ ಇರಬೇಕಾಗಿಲ್ಲ.